ಗೋಡೆ ನೋಡುವ ಕುರ್ಚಿ

ಟೊಲೀಡೊ, ಒಹಾಯೊ
30 ಸೆಪ್ಟೆಂಬರ್ 1987

ಸಿರಿಲ್,

ಮೊಟ್ಟೆ ಎಸೆದದ್ದು ನಾನೇ.

ಇವತ್ತು ಬೆಳಿಗ್ಗೆ ನಿಮ್ಮ ಬಸ್ಸು ಮೈದಾನದ ಗೇಟು ದಾಟುವಾಗ ಕಿಟಕಿಗೆ ಬಡಿಯಿತಲ್ಲ, ಆ ಮೊಟ್ಟೆ. ಎಸೆಯುವಾಗ ಒಳಗೆ ಯಾರಿದ್ದಾರೆ ಅಂತ ನೋಡಿರಲಿಲ್ಲ. ನಮ್ಮ ಜಾಗಕ್ಕೆ ಬಂದ ಯಾವನೋ ಒಬ್ಬ, ಅಷ್ಟು ಸಾಕಿತ್ತು. ಲೋಳೆ ಕೆಳಗಿಳಿದ ಮೇಲೆ ಅದರ ಹಿಂದೆ ನಮ್ಮಮ್ಮನ ಮೂಗು ಕಾಣಿಸಿತು. ಆ ಮೂಗು ಇರುವುದು ಲೋಕದಲ್ಲಿ ಮೂವರಿಗೆ. ಒಬ್ಬಳು ಡ್ರೇವರ್ಟನ್ನಿನ ಅಡುಗೆಮನೆಯಲ್ಲಿದ್ದಳು. ಇನ್ನೊಬ್ಬ ಗೇಟಿನ ಮುಂದೆ ಮುಷ್ಕರದ ಬೋರ್ಡು ಹಿಡಿದು ನಿಂತಿದ್ದ.

ಪಕ್ಕದಲ್ಲಿದ್ದ ಹಾಸ್ಕಿನ್ಸ್ ಕೇಳಿದ: "ಏಯ್ ರೀಜ್, ಆ ಕಿಟಕಿಯವ್ನು ನಿನ್ ಥರಾನೇ ಇದಾನಲ್ಲೋ!" ಯಾರೋ ಏನೋ ಅಂದೆ. ಮಧ್ಯಾಹ್ನ ರೇಡಿಯೋದವನು ಊರಿಗೆಲ್ಲ ಸಾರಿಬಿಟ್ಟ. ಮುಷ್ಕರದಲ್ಲಿರುವ ರೀಜಿಸ್ ಸೆಡ್ಲಾಕ್ ಜಾಗಕ್ಕೆ ಅವನ ಒಡಹುಟ್ಟಿದ ತಮ್ಮನೇ ಬಂದಿದ್ದಾನೆ ಅಂತ. ನಗುತ್ತಾ ಹೇಳಿದ, ಬೇವರ್ಸಿ.

ನಿನಗೆ ತಲೆ ಕೆಟ್ಟಿದೆಯಾ? ನಾವು ಇಲ್ಲಿ ಯಾಕೆ ನಿಂತಿದ್ದೇವೆ ಅಂದುಕೊಂಡಿದ್ದೀಯ, ಬಿಸಿಲು ಕಾಯಲಿಕ್ಕಾ? ಫುಟ್‌ಬಾಲ್ ಆಟಗಾರನಿಗೆ ತನ್ನ ಇಷ್ಟದ ತಂಡಕ್ಕೆ ಹೋಗುವ ಸ್ವಾತಂತ್ರ್ಯವಿಲ್ಲ. ಭಾನುವಾರ ಮೊಣಕಾಲು ಮುರಿದುಕೊಂಡವನನ್ನು ಸೋಮವಾರ ಕಸದ ಹಾಗೆ ಗುಡಿಸಿ ಹೊರಗೆ ಹಾಕುತ್ತಾರೆ. ಅದಕ್ಕೆ ನಿಂತಿದ್ದೇವೆ. ಈ ತಂಡಕ್ಕೆ ಸಂಘದ ಪ್ರತಿನಿಧಿ ನಾನು. ಹೆಸರುವಾಸಿಗಳು ಯಾರೂ ಆ ಹೊರೆ ಬೇಡವೆಂದಾಗ ನಾನು ಹೊತ್ತೆ. ಇವತ್ತು ಆ ಪ್ರತಿನಿಧಿಯ ಜಾಗದಲ್ಲಿ ಅವನ ತಮ್ಮ ಕೂತಿದ್ದಾನೆ. ಮಾಲೀಕರು ಈ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಾರೋ!

ನಮ್ಮೂರಲ್ಲಿ ಮುಷ್ಕರ ಮುರಿಯುವವನಿಗೆ ಇರುವುದು ಒಂದೇ ಹೆಸರು. ಹಕ್ಕಳೆ. ಗಾಯದ ಮೇಲೆ ಕಟ್ಟುವ ಹಕ್ಕಳೆ, ಕಿತ್ತು ಬಿಸಾಡಬೇಕಾದ್ದು. ಲುಡ್ವಿಕ್ ಚಿಕ್ಕಪ್ಪನನ್ನು ಅಪ್ಪ ಕರೆಯುತ್ತಿದ್ದದ್ದು ಹಾಗೇ. ನಾವು ಚಿಕ್ಕವರಿದ್ದಾಗ ಉಕ್ಕಿನ ಕಾರ್ಖಾನೆಯ ಮುಷ್ಕರದಲ್ಲಿ ಆತ ಕೆಲಸಕ್ಕೆ ಹೋದ. ಮೂರು ಮನೆ ಆಚೆ ಇದ್ದ ತಮ್ಮನ ಜೊತೆ ಅಪ್ಪ ಅಲ್ಲಿಂದ ಮುಂದೆ ಒಂದು ಮಾತೂ ಆಡಲಿಲ್ಲ. ನೀನು ಇದನ್ನೆಲ್ಲ ನೋಡಿಕೊಂಡೇ ಬೆಳೆದವನು.

ನಿಮ್ಮನ್ನು ಬಚ್ಚಿಟ್ಟಿರುವ ಹೋಟೆಲಿನಲ್ಲಿ ಇದನ್ನು ಕೊಟ್ಟು ಹೋಗುತ್ತಿದ್ದೇನೆ. ನಾಳೆ ಬಸ್ಸು ಹತ್ತಬೇಡ. ಹತ್ತಿದರೆ, ನಾಳೆ ಗೊತ್ತಿದ್ದೇ ಎಸೆಯುತ್ತೇನೆ.

ರೀಜಿಸ್


ಟೊಲೀಡೊ
2 ಅಕ್ಟೋಬರ್

ರೀಜಿಸ್,

ಮೊಟ್ಟೆ ಚೆನ್ನಾಗಿ ಎಸೆದೆ. ಈ ತಂಡದಲ್ಲಿ ನೀನಿದ್ದ ಎಂಟು ವರ್ಷದಲ್ಲಿ ನಿನ್ನ ಗುರಿ ಇಷ್ಟು ನೆಟ್ಟಗಿದ್ದದ್ದು ನಾನು ನೋಡಿಲ್ಲ.

ಒಂದು ಕೇಳುತ್ತೇನೆ. ನೀನು ಮಾಡುವ ಕೆಲಸವಾದರೂ ಏನು? ಕುಂಡೆ ಮೇಲೆ ಮಾಡಿ ಬಗ್ಗಿ, ಕಾಲಸಂದಿಯಿಂದ ಲೋಕವನ್ನು ತಲೆಕೆಳಗಾಗಿ ನೋಡುತ್ತಾ, ದೂರ ಹಿಂದೆ ನಿಂತಿರುವ ಒದೆಯುವವನ ಕೈಗೆ ಚೆಂಡು ಕಳಿಸುವುದು. ಆಮೇಲೆ ಹೋಗಿ ಬೆಂಚಿನ ಮೇಲೆ ಕೂರುವುದು. ಸರಿಯಾಗಿ ಎಸೆದರೆ ನಿನ್ನ ಹೆಸರು ನಿನ್ನ ಹೆಂಡತಿಗೂ ನೆನಪಿರುವುದಿಲ್ಲ. ತಪ್ಪಿದರೆ ಮಾತ್ರ ಊರಿಗೆ ಗೊತ್ತಾಗುತ್ತದೆ. ಆ ಕೆಲಸ ನನಗೂ ಬರುತ್ತದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಂಬಕ್ಕೆ ಲಾರಿ ಟೈರು ನೇತುಹಾಕಿ ಅಪ್ಪ ಕಲಿಸಿದ್ದು ನಮ್ಮಿಬ್ಬರಿಗೂ. ಟೈರಿನ ತೂತು ಹೊಕ್ಕಿದ್ದು ಹೆಚ್ಚಾಗಿ ಯಾರ ಚೆಂಡು? ಅಮ್ಮ ಒಗೆದ ಹಾಸಿಗೆ ಹೊದಿಕೆಗೆ ಕೆಸರು ಬಳಿದದ್ದು ಯಾರ ಚೆಂಡು? ಅಮ್ಮನನ್ನೇ ಕೇಳು.

ಸಂಘ ಸಂಘ ಅನ್ನುತ್ತೀಯ. ಕಾರ್ಖಾನೆಗೆ ಬೀಗ ಬಿದ್ದಾಗ ಸಂಘ ಏನು ಮಾಡಿತು? ಮನೆಗೊಂದು ಟರ್ಕಿ ಕೋಳಿ ಹಂಚಿತು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅವತ್ತಿನಿಂದ ನಾನು ಮಾಂಸದ ಗೋದಾಮಿನಲ್ಲಿ ಹಂದಿ ತೊಡೆ ಹೊರುತ್ತಿದ್ದೇನೆ. ಮೈಯಿಂದ ಆ ವಾಸನೆ ಹೋಗುವುದಿಲ್ಲ ಅಂತ ಕಾರಲ್ ಮದುವೆ ಬೇಡವೆಂದು ಉಂಗುರ ವಾಪಸ್ಸು ಕೊಟ್ಟಳು, ಅದು ನಿನಗೆ ಗೊತ್ತಿದೆ. ಅವತ್ತೂ ನೀನು ನಕ್ಕೆ.

ಪ್ರತಿ ಕ್ರಿಸ್‌ಮಸ್ಸಿಗೂ ನಿನ್ನದು ಒಂದೇ ಪಲ್ಲವಿ. "ಸ್ವಲ್ಪ ತಾಳೋ, ಕೋಚ್ ಹತ್ರ ನಿನ್ ವಿಷಯ ಹೇಳ್ತೀನಿ." ತಾಳಿದೆ. ನನ್ನ ಕೂದಲು ಉದುರಿತು, ನಿನ್ನ ಬಾಯಿಂದ ಆ ಮಾತು ಉದುರಲಿಲ್ಲ. ಕೊನೆಗೆ ಅವರೇ ಫೋನ್ ಮಾಡಿದರು. ಬಂದೆ. ಹಕ್ಕಳೆ ಅನ್ನು, ಹುಣ್ಣು ಅನ್ನು, ನನಗೇನೂ ಆಗುವುದಿಲ್ಲ.

ಭಾನುವಾರ ಬೆನ್ನ ಮೇಲೆ ಸೆಡ್ಲಾಕ್ ಅಂತ ಬರೆದಿರುವ ಅಂಗಿ ತೊಡುತ್ತೇನೆ. ಹೊಸದು ಹೊಲಿಸಬೇಕಾಗಿಲ್ಲ, ನಿನ್ನದೇ ಇದೆ ಅಂದರು. ಹಾಕಿ ನೋಡಿದೆ. ಭುಜದ ಹತ್ತಿರ ಬಿಗಿ.

ಸಿರಿಲ್


ಡ್ರೇವರ್ಟನ್, ಪೆನ್ಸಿಲ್ವೇನಿಯಾ
6 ಅಕ್ಟೋಬರ್

ಸಿರಿಲ್,

ಫೋನಿನಲ್ಲಿ ಹೇಳಿದರೆ ನಿಮ್ಮಪ್ಪ ಕೇಳಿಸಿಕೊಳ್ಳುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ನಿನ್ನನ್ನು ಟಿವಿಯಲ್ಲಿ ನೋಡಿದೆವು. ನಿನ್ನನ್ನಲ್ಲ, ನಿನ್ನ ಬೆನ್ನನ್ನು. ಅದು ರೀಜಿಸನ ಅಂಗಿ ಅಂತ ಅಪ್ಪನಿಗೆ ತಕ್ಷಣ ತಿಳಿಯಿತು, ತೋಳಿನ ಹತ್ತಿರ ನಾನು ಹಾಕಿದ್ದ ಹೊಲಿಗೆ ಇತ್ತಲ್ಲ. ಎದ್ದು ಅಡುಗೆಮನೆಗೆ ಹೋದ. ಮೇಜಿನ ಹತ್ತಿರ ಇದ್ದ ನಿನ್ನ ಕುರ್ಚಿ ಎತ್ತಿ, ಲುಡ್ವಿಕನ ಕುರ್ಚಿ ಪಕ್ಕ ಇಟ್ಟು, ಮುಖ ಗೋಡೆಗೆ ಮಾಡಿದ.

ಲುಡ್ವಿಕ್ ಏಪ್ರಿಲ್‌ನಲ್ಲಿ ಮಣ್ಣಿಗೆ ಹೋದ. ಒಡಹುಟ್ಟಿದವನ ಹೆಣ ಹೋಗುವಾಗ ನಿಮ್ಮಪ್ಪ ರಸ್ತೆ ಆಚೆ ಬದಿಯಲ್ಲಿ ಟೋಪಿ ತೆಗೆದು ನಿಂತಿದ್ದ, ದಾಟಿ ಬರಲಿಲ್ಲ. ಆ ಮುಷ್ಕರದಲ್ಲಿ ಅಪ್ಪ ತಿರುಗಿಸಿಟ್ಟ ಅವನ ಕುರ್ಚಿ ಇನ್ನೂ ಗೋಡೆ ನೋಡುತ್ತಾ ಕೂತಿದೆ. ಈಗ ನಿನ್ನದು ಜೊತೆಯಾಯಿತು. ನಾನು ದಿನಾ ಅವೆರಡರ ಸುತ್ತ ಕಸ ಗುಡಿಸಬೇಕು.

"ಏನ್ರೀ, ಕುರ್ಚಿ ಏನ್ ಮಾಡ್ತು ನಿಮಗೆ?" ಅಂದೆ. "ಬಾಯ್ ಮುಚ್ಚೆ ಡೊಲೋರಸ್" ಅಂದ. ಮದುವೆಯಾದ ಮೇಲೆ ನನಗೆ ಬಾಯಿ ಮುಚ್ಚು ಅಂದದ್ದು ಎರಡೇ ಸಲ, ಎರಡೂ ಕುರ್ಚಿ ವಿಷಯಕ್ಕೆ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಗಾದೆ ಮಾಡಿದವರು ನಮ್ಮ ಮನೆಗೆ ಬಂದು ನೋಡಿಯೇ ಮಾಡಿರಬೇಕು. ನಿಮ್ಮಿಬ್ಬರಿಗೂ ನನ್ನ ಧಿಕ್ಕಾರ. ನಾನು ಗಂಡುಮಕ್ಕಳನ್ನು ಹೆತ್ತದ್ದು ಗೋಡೆಗೆ ಕುರ್ಚಿ ಜೋಡಿಸಲಿಕ್ಕಲ್ಲ.

ತಲೆ ಜೋಪಾನ. ನೀನು ಬಗ್ಗಿದಾಗ ಆ ದಾಂಡಿಗರು ನಿನ್ನ ಮೇಲೆ ಬೀಳುವುದು ನೋಡಲಾಗುವುದಿಲ್ಲ.

ಅಮ್ಮ


ಟೊಲೀಡೊ
20 ಅಕ್ಟೋಬರ್

ಅಣ್ಣಾ,

ಹೌದು, ಅಣ್ಣ ಅಂತಲೇ ಬರೆಯುತ್ತೇನೆ. ಇವತ್ತು ನಿನ್ನ ಅಣ್ಣತನ ಪೂರ್ತಿ ಗೊತ್ತಾಯಿತು.

ನಿಮ್ಮ ಮುಷ್ಕರ ಮುಗಿಯಿತು. ಒಂದನ್ನೂ ಗೆಲ್ಲದೆ, ಬಾಲ ಮುದುರಿಕೊಂಡು ಎಲ್ಲ ವಾಪಸ್ಸು ಬಂದಿರಿ. ನನ್ನ ಜೊತೆ ಬಂದಿದ್ದವರನ್ನೆಲ್ಲ ಮನೆಗೆ ಕಳಿಸಿದರು. ನಾನೂ ಚೀಲ ಕಟ್ಟಿಕೊಂಡು ಕೂತಿದ್ದೆ. ಕೋಚ್ ಕರೆದ. ಚೆಂಡು ಒದೆಯುವ ತುಕಡಿ ನೋಡಿಕೊಳ್ಳುವ ಆ ಬೊಕ್ಕತಲೆಯವನು, ನಿನಗೆ ಗೊತ್ತಲ್ಲ. "ನೀನು ಇರು, ನಿಮ್ಮಣ್ಣನ್ನ ತೆಗೀತಿದೀವಿ" ಅಂದ. ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಅವನು ನನ್ನ ಕಾಲು ನೋಡಿ ಕೇಳಿದ: "ಮೊಣಕಾಲು ಹೆಂಗಿದೆ ಈಗ?"

"ಯಾವ ಮೊಣಕಾಲು?"

"ನಿಂದೇ ಕಣಯ್ಯ. ಮೂರ್ನಾಲ್ಕು ವರ್ಷದ ಹಿಂದೆ ನಿನ್ನನ್ನ ಕರ್ಸೋಣ ಅಂತಿದ್ವಿ. ನಿಮ್ಮಣ್ಣ ಅಂದ, ಅವ್ನ ಮೊಣಕಾಲು ಹೋಗ್ಬಿಟ್ಟಿದೆ, ಎರಡು ಆಟಾನೂ ತಡೆಯಲ್ಲ ಅಂತ."

ನನ್ನ ಮೊಣಕಾಲಿಗೆ ಹುಟ್ಟಿದಾರಭ್ಯ ಏನೂ ಆಗಿಲ್ಲ ರೀಜಿಸ್. ಆ ಮೊಣಕಾಲ ಮೇಲೇ ಹಂದಿ ತೊಡೆ ಹೊತ್ತು ದಿನವೆಲ್ಲ ಏಣಿ ಹತ್ತುತ್ತಿದ್ದೆ. ನೀನು ಇಲ್ಲಿ ಕೂತು ಅದನ್ನು ಮುರಿದೆ.

ಗೇಟಿನಲ್ಲಿ ನಿಂತು ದ್ರೋಹದ ಪಾಠ ಹೇಳಿದೆಯಲ್ಲ. ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ.

ಸಿರಿಲ್


ಡ್ರೇವರ್ಟನ್
26 ಅಕ್ಟೋಬರ್

ಸಿರಿಲ್,

ಹೇಳಿದೆ. ಏನೀಗ?

ಒಂದು ತಂಡಕ್ಕೆ ಚೆಂಡು ಹಿಂದಕ್ಕೆ ಎಸೆಯುವವನು ಒಬ್ಬನೇ. ಇಬ್ಬರಲ್ಲ, ಒಂದೂವರೆಯೂ ಅಲ್ಲ. ಅವರು ನಿನ್ನನ್ನು ಕರೆಸುತ್ತೇವೆ ಅಂದಾಗ ಇಬ್ಬರೂ ಒಟ್ಟಿಗೆ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತೇವೆ ಅಂದುಕೊಂಡೆಯಾ? ನಿನ್ನ ಚೆಂಡು ನನ್ನದಕ್ಕಿಂತ ಜೋರು. ಆ ಟೈರಿಗೆ ಗೊತ್ತು, ಅಪ್ಪನಿಗೆ ಗೊತ್ತು, ನನಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಆಗ ನನ್ನ ಮಗುವಿಗೆ ಆರು ತಿಂಗಳು. ಮೊಣಕಾಲು ಅಂದೆ. ಬಾಯಿಗೆ ಬಂದದ್ದು ಅದು. ಕ್ಷಮೆ ಕೇಳಲು ಈ ಕಾಗದ ಬರೆಯುತ್ತಿಲ್ಲ.

ಆದರೆ ನಾನು ಮಾಡಿದ್ದು ನಿನಗೊಬ್ಬನಿಗೆ. ನೀನು ಮಾಡಿದ್ದು ಆ ಗೇಟಿನಲ್ಲಿ ನಿಂತವರೆಲ್ಲರಿಗೂ. ನನ್ನನ್ನು ಯಾಕೆ ತೆಗೆದರು ಅಂತ ಒಂದು ಸಲವಾದರೂ ಯೋಚಿಸಿದೆಯಾ? ನಿನ್ನ ಚೆಂಡು ಜೋರು ಅಂತಲ್ಲ. ಸಂಘದ ಪ್ರತಿನಿಧಿಗಳನ್ನು ಒಬ್ಬೊಬ್ಬರಾಗಿ ಆರಿಸಿ ತೆಗೆಯುತ್ತಿದ್ದಾರೆ. ಹೆಸರುವಾಸಿಯಾದವನನ್ನು ತೆಗೆದರೆ ಜನ ಗಲಾಟೆ ಮಾಡುತ್ತಾರೆ. ಬಗ್ಗಿ ನಿಲ್ಲುವವನನ್ನು ತೆಗೆದರೆ ಯಾರೂ ಕೇಳುವುದಿಲ್ಲ. ಅವರ ಕೈಗೆ ಒಂದು ಕಲ್ಲು ಬೇಕಿತ್ತು, ನೀನು ಉರುಳಿಕೊಂಡು ಹೋಗಿ ಸಿಕ್ಕಿದೆ.

ಟೊಲೀಡೊ ಮನೆ ಖಾಲಿ ಮಾಡಿ ಹೆಂಡತಿ ಮಗುವಿನ ಜೊತೆ ಅಪ್ಪನ ಮನೆಗೆ ಬಂದಿದ್ದೇನೆ. ದಿನಾ ನಿನ್ನ ಕುರ್ಚಿಯ ಬೆನ್ನು ನೋಡುತ್ತಾ ಊಟ ಮಾಡುತ್ತೇನೆ. ಹಾಗೇ ಇರಲಿ. ನಿನ್ನ ಬೆನ್ನಿಗೆ ನನ್ನ ಅಂಗಿ ಬೇರೆ.

ರೀಜಿಸ್


ಟೊಲೀಡೊ
10 ನವೆಂಬರ್

ರೀಜಿಸ್,

ನಿನ್ನ ಜೀವದ ಗೆಳೆಯ ಹಾಸ್ಕಿನ್ಸ್ ಬಗ್ಗೆ ಬರೆಯಬೇಕು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ಅದು ಸರಿ, ಡ್ರೇವರ್ಟನ್ನಿನವನಿಗೆ ಅದೇನು ಹೊಸದಲ್ಲ. ನನ್ನ ಬೂಟಿನಲ್ಲಿ ಮೊಟ್ಟೆ ಒಡೆದು ಹಾಕಿದರು. ತೊಳೆದುಕೊಂಡೆ. ಒಬ್ಬ ಹುಡುಗ ಊಟದ ಮೇಜಿನಲ್ಲಿ ಮರೆತು ನನಗೆ ಉಪ್ಪು ದಾಟಿಸಿದ, ಆಮೇಲೆ ಎಲ್ಲರೂ ಅವನನ್ನೇ ದಿಟ್ಟಿಸಿದರು.

ಆದರೆ ಆಟದಲ್ಲಿ ನಡೆಯುವುದು ಬೇರೆ. ನಾನು ಚೆಂಡು ಎಸೆಯುವ ಗಳಿಗೆಯಲ್ಲಿ ನನ್ನ ತಲೆ ಕಾಲಸಂದಿಯಲ್ಲಿರುತ್ತದೆ, ಎದುರಿನವರು ಕಾಣುವುದಿಲ್ಲ. ತಲೆ ಎತ್ತುವವರೆಗೆ ಎಡಗಡೆಯವನು ಸಂದು ಮುಚ್ಚಬೇಕು. ಎಡಗಡೆಯವನು ಹಾಸ್ಕಿನ್ಸ್. ಅವನು ಒಂದು ಹೆಜ್ಜೆ ಆಚೆ ಸರಿಯುತ್ತಾನೆ. ಒಂದೇ ಹೆಜ್ಜೆ. ನೋಡಿದವರಿಗೆ ಕಾಲು ಜಾರಿತು ಅನ್ನಿಸಬೇಕು. ಆ ಸಂದಿನಿಂದ ಗೂಳಿಯಂಥವನು ನುಗ್ಗಿ ಬಂದು ನನ್ನ ನೆತ್ತಿಗೆ ಗುದ್ದುತ್ತಾನೆ. ಮೊನ್ನೆ ಭಾನುವಾರ ಪ್ರತಿ ಸಲವೂ ಹಾಗೇ.

"ಏನಣ್ಣ, ಜಾಗ ಬಿಡ್ತಿದೀಯ?" ಅಂತ ಕೇಳಿದೆ. "ನೀನೂ ಬಿಡ್ಬೇಕಿತ್ತು" ಅಂದ. ಸುತ್ತ ಇದ್ದವರೆಲ್ಲ ನಕ್ಕರು.

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನೀನೇ ಹೇಳಿಕೊಟ್ಟೆಯಾ?

ಸಿರಿಲ್


ಡ್ರೇವರ್ಟನ್
15 ನವೆಂಬರ್

ಸಿರಿಲ್,

ಹೇಳಿಕೊಟ್ಟಿಲ್ಲ. ಹಾಸ್ಕಿನ್ಸ್‌ಗೆ ಹೇಳಿಕೊಡಬೇಕಾಗಿಯೂ ಇಲ್ಲ. ಅವನ ಅಪ್ಪ ಕಲ್ಲಿದ್ದಲು ಗಣಿಯಲ್ಲಿ ಸಂಘ ಕಟ್ಟಲು ಹೋಗಿ ಕಣ್ಣು ಕಳೆದುಕೊಂಡವನು.

ಅವನು ಮಾಡುತ್ತಿರುವುದು ಸರಿ. ಕಾರ್ಖಾನೆಯಲ್ಲಿ ಲುಡ್ವಿಕ್ ಚಿಕ್ಕಪ್ಪನ ಊಟದ ಡಬ್ಬಿಗೆ ಏನೇನು ಹಾಕುತ್ತಿದ್ದರು ಅಂತ ಅಪ್ಪ ಹೇಳಿ ನಗುತ್ತಿದ್ದ. ನಾವೂ ನಕ್ಕಿದ್ದೇವೆ. ನೀನು ಬಿದ್ದು ಬಿದ್ದು ನಕ್ಕಿದ್ದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿ.

ರೀಜಿಸ್


ಟೊಲೀಡೊ
30 ನವೆಂಬರ್

ರೀಜಿಸ್,

ಕುಡಿಯುತ್ತಿದ್ದೇನೆ. ರುಚಿಯಾಗಿದೆ.

ಇಲ್ಲಿ ಹಿಮ. ನಾವು ಮತ್ತೆ ಸೋತೆವು. ನನ್ನ ಕೆಲಸ ಚೆನ್ನಾಗಿದೆ. ಉದ್ದ ಬರೆಯಲು ಪುರುಸೊತ್ತಿಲ್ಲ. ಅಮ್ಮ ಕಳಿಸಿದ ಗಸಗಸೆ ರೊಟ್ಟಿ ಬಂತು ಅಂತ ಹೇಳು. ಅಪ್ಪನಿಗೆ ಏನೂ ಹೇಳಬೇಡ.

ಸಿರಿಲ್


ಡ್ರೇವರ್ಟನ್
3 ಡಿಸೆಂಬರ್

ಸಿರಿಲ್,

ಯಾಕೆ ಎಡಗೈಯಲ್ಲಿ ಬರೆದೆ?

ನನ್ನ ಹತ್ತಿರ ಆಟ ಆಡಬೇಡ. ಅಕ್ಷರಗಳೆಲ್ಲ ಕುಡಿದವರ ಹಾಗೆ ಹಿಂದಕ್ಕೆ ವಾಲಿವೆ. ಲಕೋಟೆಯ ಮೇಲೆ ನಮ್ಮ ಬೀದಿಯ ಹೆಸರು ಮೂರನೇ ತರಗತಿಯ ಮಗು ಬರೆದಂತಿದೆ. ಅಮ್ಮ ಕಾಗದವನ್ನು ಕನ್ನಡಕ ಹಾಕಿಕೊಂಡು ನೋಡಿದಳು, ಕನ್ನಡಕ ತೆಗೆದು ನೋಡಿದಳು, ಹೋಗಿ ಪಾತ್ರೆ ತೊಳೆದಳು. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಬಲಗೈಗೆ ಏನಾಗಿದೆ? ನೆತ್ತಿಗೆ ಗುದ್ದಿದಾಗ ಕತ್ತಿನಿಂದ ಬೆರಳಿನ ತನಕ ಬೆಂಕಿ ಹರಿಯುತ್ತದೆಯಾ? ಆಮೇಲೆ ಕೈ ಮರಗಟ್ಟುತ್ತದೆಯಾ? ಬೆಳಿಗ್ಗೆ ಅಂಗಿ ಗುಂಡಿ ಹಾಕಲು ಆಗುತ್ತದೆಯಾ, ಇಲ್ಲವಾ? ಉತ್ತರ ಕೊಡಬೇಡ, ನನಗೆ ಗೊತ್ತು. ಹೋಗಿ ವೈದ್ಯರಿಗೆ ತೋರಿಸು. ತಂಡದ ವೈದ್ಯನಿಗಲ್ಲ, ಅವನು ಮಾಲೀಕರ ನಾಯಿ. ಊರಿನ ಯಾವುದಾದರೂ ಆಸ್ಪತ್ರೆಗೆ ಹೋಗು.

ನಾಳೆಯೇ ಹೋಗು, ಕತ್ತೆ.

ರೀಜಿಸ್


ಟೊಲೀಡೊ
11 ಡಿಸೆಂಬರ್

ರೀಜಿಸ್,

ಈಗ ಬಂತಾ ಅಣ್ಣನ ಕರುಳು? ಹಿಂದಿನ ತಿಂಗಳು "ಕುಡಿ" ಅಂದವನು ಯಾರು?

ಹೌದು, ಕೈ ಹೋಗಿದೆ. ಕಾಫಿ ಲೋಟ ಹಿಡಿದಿದ್ದೇನೆ ಅಂದುಕೊಂಡಿರುತ್ತೇನೆ, ಅದು ನೆಲದ ಮೇಲೆ ಇರುತ್ತದೆ. ಮೊನ್ನೆ ಭಾನುವಾರ ನಾನು ಎಸೆದ ಚೆಂಡು ಒದೆಯುವವನ ತಲೆಯ ಮೇಲಿಂದ ಹಾರಿಹೋಯಿತು. ನೀವೆಲ್ಲ ನೋಡಿರುತ್ತೀರಿ. ಸುದ್ದಿಯಲ್ಲಿ ತೋರಿಸಿದ್ದೇ ತೋರಿಸಿದ್ದು. ಅಂತೂ ಊರಿಗೆ ನನ್ನ ಹೆಸರು ಗೊತ್ತಾಯಿತು.

ವೈದ್ಯರಿಗೆ ಹೇಳಿದರೆ ಅವತ್ತೇ ಹೊರಗೆ ಹಾಕುತ್ತಾರೆ. ಹೇಳದಿದ್ದರೆ ಮಂಗಳವಾರ ಹಾಕುತ್ತಾರೆ. ಮಂಗಳವಾರ ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಭಾನುವಾರ ಕೆಟ್ಟದಾಗಿ ಆಡಿದವನ ಜಾಗಕ್ಕೆ ಮಂಗಳವಾರ ಹೊಸಬರನ್ನು ಕರೆಸಿ ಚೆಂಡು ಎಸೆಸಿ ನೋಡುತ್ತಾರೆ. ಈ ಮಂಗಳವಾರ ನಿನ್ನನ್ನೇ ಕರೆದಿದ್ದಾರಂತೆ. ಬರುತ್ತೇನೆ ಅಂದೆಯಂತೆ.

ಬಾ ಅಣ್ಣಾ. ಅಂಗಿ ಒಗೆದು ಇಟ್ಟಿರುತ್ತೇನೆ. ಗೇಟಿನ ಹತ್ತಿರ ಬೋರ್ಡು ಹಿಡಿದು ನಿಲ್ಲೋಣವೆಂದರೆ ಕೈ ಏಳುವುದಿಲ್ಲ. ಮೊಟ್ಟೆಯನ್ನಾದರೂ ಎಡಗೈಯಲ್ಲಿ ಎಸೆಯಬಹುದು.

ಒಂದೇ ಒಂದು ಪ್ರಶ್ನೆ. ತಮ್ಮವರೇ ಕೆಡವಿ ಹಾಕಿದವನ ಜಾಗಕ್ಕೆ, ಅವನು ಇನ್ನೂ ನೆಲದ ಮೇಲೆ ಬಿದ್ದಿರುವಾಗಲೇ ಬರುವವನಿಗೆ ನಮ್ಮೂರಲ್ಲಿ ಏನನ್ನುತ್ತಾರೆ? ನಿನಗೆ ಆ ಪದ ಚೆನ್ನಾಗಿ ಗೊತ್ತು.

ಸಿರಿಲ್


ಡ್ರೇವರ್ಟನ್
19 ಡಿಸೆಂಬರ್

ಸಿರಿಲ್,

ಮಂಗಳವಾರ ಬಂದಿದ್ದೆ. ನಿನ್ನ ಕಾಗದ ಜೇಬಿನಲ್ಲೇ ಇತ್ತು. ಆದರೂ ಬಂದೆ. ನನಗೆ ಆ ಕೆಲಸ ಬೇಕಿತ್ತು. ಮೂವತ್ತಮೂರು ವರ್ಷದ, ಬಗ್ಗಿ ನಿಲ್ಲುವುದು ಬಿಟ್ಟರೆ ಬೇರೆ ಏನೂ ಬಾರದ ಗಂಡಸಿಗೆ ಎಷ್ಟು ಬೇಕೋ ಅಷ್ಟು ಬೇಕಿತ್ತು.

ನಿನ್ನನ್ನು ಸೋಮವಾರವೇ ತೆಗೆದೆವು ಅಂತ ಕೋಚ್ ಹೇಳಿದ. ಆಸ್ಪತ್ರೆಯಲ್ಲಿದ್ದಾನೆ ಅಂತಲೂ ಹೇಳಿದ, ಹವಾಮಾನ ಹೇಳಿದ ಹಾಗೆ.

ಒದೆಯುವವನಿಗೆ ಜ್ವರ. ಹಿಂದೆ ನಿಂತು ಚೆಂಡು ಹಿಡಿಯಲು ಹಾಸ್ಕಿನ್ಸ್ ತಾನಾಗಿಯೇ ಬಂದ. ನನ್ನನ್ನು ಬಾಚಿ ತಬ್ಬಿಕೊಂಡ. ಕಣ್ಣಲ್ಲಿ ನೀರು, ಅವನಿಗೆ ನಿಜವಾಗಿ ಸಂತೋಷ. "ಬಾರೋ ರೀಜ್. ನಿನಗೋಸ್ಕರಾನೇ ಆ ಸಂದು ತೆಗೆದಿಟ್ಟಿದ್ದು ಕಣೋ. ಅವನು ಕೆಳಗೆ ಬೀಳೋವಾಗ ನಾಯಿಮರಿ ಥರ ಕುಂಯ್ ಅಂತಿದ್ದ" ಅಂದ. ಆ ಕುಂಯ್ ಅನ್ನುವುದನ್ನು ಮಾಡಿಯೂ ತೋರಿಸಿದ.

ಅವನು ಮಾಡುತ್ತಿರುವುದು ಸರಿ ಅಂತ ಬರೆದವನು ನಾನು. ಇಲ್ಲಿ ಅಡುಗೆಮನೆಯಲ್ಲಿ ಕೂತು ಬರೆದಾಗ ಅದು ಸರಿಯಾಗಿಯೇ ಕಂಡಿತ್ತು. ಅವನ ಬಾಯಿಂದ ಕೇಳಿದಾಗ ಮೈಯೆಲ್ಲ ಉರಿಯಿತು. ಆ ಸದ್ದು ನನಗೆ ಗೊತ್ತು. ನೀನು ಏಳು ವರ್ಷದವನಿದ್ದಾಗ ಟೈರು ತಿರುಗಿ ಬಂದು ನಿನ್ನ ಹಲ್ಲು ಮುರಿದಾಗ ಅದೇ ಸದ್ದು ಮಾಡಿದ್ದೆ. ಹಕ್ಕಳೆ ಅಂತ ನಿನ್ನನ್ನು ಬೈಯುವ ಹಕ್ಕು ನನಗಿದೆ, ಅಪ್ಪನಿಗಿದೆ. ಆ ಸದ್ದನ್ನು ಅಣಕಿಸುವ ಹಕ್ಕು ಯಾವ ನನ್ನ ಮಗನಿಗೂ ಇಲ್ಲ.

ಬಗ್ಗಿದೆ. ಮೊದಲ ಕೆಲವು ಚೆಂಡು ಅವನ ಅಂಗೈಗೇ ಹೋದವು. ಕೋಚ್ ತಲೆಯಾಡಿಸಿದ. ಕೆಲಸ ನನ್ನದೇ ಅಂತ ಗೊತ್ತಾಯಿತು. ಆಗ ಹಾಸ್ಕಿನ್ಸ್ ಕೈ ಕೆಳಗೆ ಬಿಟ್ಟು, ಪಕ್ಕದವನ ಕಡೆ ತಿರುಗಿ ಮತ್ತೊಮ್ಮೆ ಕುಂಯ್ ಅಂದು ನಕ್ಕ. ಅವನ ತಲೆಗೆ ಹೆಲ್ಮೆಟ್ ಇರಲಿಲ್ಲ. ಕಾಲಸಂದಿಯಿಂದ ನೋಡಿದರೆ ಎಲ್ಲವೂ ತಲೆಕೆಳಗಾಗಿ ಕಾಣಬೇಕು, ಅವನ ನಗು ಮಾತ್ರ ನಗುವಿನ ಹಾಗೇ ಕಂಡಿತು. ಎಸೆದೆ. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ಎಸೆದಿಲ್ಲ. ನಿನ್ನ ಚೆಂಡಿಗಿಂತ ಜೋರು, ನೀನು ಒಪ್ಪದಿದ್ದರೂ ಸರಿ.

ಮೂಗು ಮುರಿಯಿತು. ಬೇಕೆಂದೇ ಎಸೆದೆಯಾ ಅಂತ ಕೋಚ್ ಕೇಳಿದ. ಕಾಲು ಜಾರಿತು ಅಂದೆ. ಹಾಸ್ಕಿನ್ಸ್‌ಗೆ ಅರ್ಥವಾಯಿತು. ರಕ್ತ ಸುರಿಸುತ್ತಾ "ನೀನೂ ಅವನ ಥರಾನೇ" ಅಂದ. ಎಂಟು ವರ್ಷದ ಗೆಳೆತನ, ಅಲ್ಲಿಗೆ ಮುಗಿಯಿತು. ಇನ್ನು ಯಾವ ತಂಡವೂ ನನ್ನನ್ನು ಗೇಟಿನೊಳಗೆ ಬಿಡುವುದಿಲ್ಲ.

ಸಂಜೆ ಆಸ್ಪತ್ರೆಗೆ ಬಂದಿದ್ದೆ. ನೀನು ಕತ್ತಿಗೆ ಪಟ್ಟಿ ಹಾಕಿಕೊಂಡು ಬಾಯಿ ತೆರೆದು ಮಲಗಿದ್ದೆ. ಕೈ ನಿಧಾನಕ್ಕೆ ಬರುತ್ತದೆ, ಆಟ ಮಾತ್ರ ಇನ್ನಿಲ್ಲ ಅಂತ ನರ್ಸ್ ಹೇಳಿದಳು. ನಿನ್ನನ್ನು ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ನಾನು ಬೈಯುತ್ತಿದ್ದೆ, ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕ ಮಲಗಿದ್ದ.

ನಾನು ನಿನ್ನನ್ನು ಕ್ಷಮಿಸಿಲ್ಲ. ನೀನು ಆ ಬಸ್ಸಿನಲ್ಲಿ ಕೂತದ್ದು ತಪ್ಪು, ಸಾಯುವವರೆಗೂ ತಪ್ಪು ಅನ್ನುತ್ತೇನೆ. ನೀನೂ ನನ್ನ ಆ ಮೊಣಕಾಲಿನ ಮಾತನ್ನು ಕ್ಷಮಿಸಬೇಡ. ಆದರೆ ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಮನೆಗೆ ಬಾ. ಅಮ್ಮ ಅಣಬೆ ಸಾರಿಗೆ ಈಗಲೇ ಹುಳಿ ಹಾಕಿಟ್ಟಿದ್ದಾಳೆ. ನನ್ನ ಎದುರಿಗೇ ಕೂರು. ಮಾತಾಡಬೇಡ. ಚರ್ಚಿನಿಂದ ತಂದ ಹಬ್ಬದ ಹಪ್ಪಳ ಮುರಿದು ಜೇನು ಹಚ್ಚಿ ಹಂಚುವಾಗ ಜೇನಿನ ಬಟ್ಟಲು ಈ ಕಡೆ ದಾಟಿಸು, ಸಾಕು.

ಕೂರಲು ಕುರ್ಚಿ ಬೇಕಲ್ಲ. ಇವತ್ತು ಊಟವಾದ ಮೇಲೆ ನಿನ್ನ ಕುರ್ಚಿಯನ್ನು ಮೇಜಿನ ಕಡೆ ತಿರುಗಿಸಿದೆ. ಅಪ್ಪ ಪತ್ರಿಕೆ ಮಡಚಿಟ್ಟು ಎದ್ದು ಬಂದು ಮತ್ತೆ ಗೋಡೆಗೆ ತಿರುಗಿಸಿದ. ನಾನು ಈ ಕಡೆಗೆ ತಿರುಗಿಸಿದೆ. "ಇದು ನನ್ ಮನೆ ಕಣೋ!" ಅಂದ. "ಕುರ್ಚಿ ಅವನ್ದು" ಅಂದೆ. ಮತ್ತೆ ಗೋಡೆಗೆ. ಮತ್ತೆ ಈ ಕಡೆಗೆ. ನೆಲದ ಮೇಲೆ ಗೀರು ಬಿದ್ದಿದೆ. ನಮ್ಮನ್ನು ನೋಡಿ ನೋಡಿ ಅಮ್ಮ ರೇಡಿಯೋ ಜೋರು ಮಾಡಿದಳು. ಅವನಿಗೆ ಎಪ್ಪತ್ತು, ಮೊದಲು ಸುಸ್ತಾಗುವುದು ಅವನೇ ಅಂದುಕೊಂಡು ನಾನು ಮೇಜಿನ ಹತ್ತಿರವೇ ಕೂತು ಈ ಕಾಗದ ಬರೆಯುತ್ತಿದ್ದೇನೆ.

ಈಗ ಮತ್ತೆ ಎದ್ದಿದ್ದಾನೆ. ನಾನೂ ಪೆನ್ನು ಕೆಳಗಿಟ್ಟು ಎದ್ದೆ. ಆದರೆ ಅವನು ನಿನ್ನ ಕುರ್ಚಿಯ ಹತ್ತಿರ ಹೋಗಲಿಲ್ಲ. ಲುಡ್ವಿಕ್ ಚಿಕ್ಕಪ್ಪನ ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟ. ತಿರುಗಿಸಲೂ ಇಲ್ಲ, ಬಿಡಲೂ ಇಲ್ಲ. ಬೆರಳಿನಿಂದ ಅದರ ಮೇಲಿನ ಧೂಳು ಒರೆಸಿದ. ಧೂಳೇನೂ ಇರಲಿಲ್ಲ, ಅಮ್ಮ ದಿನಾ ಒರೆಸುತ್ತಾಳೆ.

ನಾನು ನೋಡುತ್ತಿರುವುದು ಗೊತ್ತಾಗಿ ಗದರಿದ: "ಏನ್ ನೋಡ್ತೀಯೋ? ಬರಿ. ಆ ಹಕ್ಕಳೆಗೆ ಬರಿ, ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ತಕ್ಷಣ ಊಟಕ್ಕೆ ಕೂರ್ತೀವಿ ಅಂತ. ನಾನು ಯಾರಿಗೂ ಕಾಯೋನಲ್ಲ."

ಬರೆದಿದ್ದೇನೆ.

ರೀಜಿಸ್